ಬೆಲಂ ಗವಿ: ಪಾತಾಳಗಂಗೆ ನೋಡಲು ಹೊರಟವರು ಇದನ್ನು ಓದಿಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಬೆಲಂ ಗವಿಗೆ ಹೋಗಿ, ಖಂಡಿತ ಹೋಗಿ, ಆದರೆ ಪಾತಾಳಗಂಗೆ ಅನ್ನೋ ನೆಲದಡಿಯ ನದಿ ನೋಡಬೇಕು ಅನ್ನೋ ಒಂದೇ ಆಸೆ ಇಟ್ಟುಕೊಂಡು ಹೋಗಬೇಡಿ. ಹಾಗೆ ಹೋದವರು ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಹತ್ತಿ ವಾಪಸ್ ಬರುವುದನ್ನು ಕಣ್ಣಾರೆ ನೋಡಿದೆ. ನಮ್ಮ ಭಾವನೂ ಆ ಗುಂಪಿನಲ್ಲೇ ಇದ್ದರು.

ಪಾಪ, ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕಡೆ ಒಬ್ಬ ಟೂರ್ ಏಜೆಂಟ್ ಹಂಚಿದ ಪಾಂಪ್ಲೆಟ್‌ನಲ್ಲಿ 'ಪಾತಾಳಗಂಗೆ ದರ್ಶನ' ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಪಕ್ಕದಲ್ಲೇ ಗವಿಯೊಳಗೆ ಜನ ದೋಣಿಯಲ್ಲಿ ಕೂತು ಹೋಗುವ ಫೋಟೊ ಅಂಟಿಸಿದ್ದ. ಬೆಲಂನಲ್ಲಿ ದೋಣಿ ಇಲ್ಲ. ದೋಣಿ ತೇಲುವಷ್ಟು ನೀರೂ ಇಲ್ಲ. ದೋಣಿ ಹತ್ತಿ ಹೋಗಿ ನೋಡುವಂಥ ನೆಲದಡಿ ನದಿ ಬೇಕು ಅಂದರೆ ಫಿಲಿಪ್ಪೀನ್ಸ್ ದೇಶದ ಪಲವಾನ್ ದ್ವೀಪಕ್ಕೆ ಹೋಗಬೇಕು. ಅಲ್ಲಿ ಪ್ಯೂರ್ಟೊ ಪ್ರಿನ್ಸೆಸಾ ಅಂತ ಇದೆ. ನದಿ ಗವಿಯೊಳಗೇ 8.2 ಕಿ.ಮೀ. ಹರಿದು ನೇರ ಸಮುದ್ರ ಸೇರುತ್ತೆ. 1999ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಏಜೆಂಟ್ ಆ ಫೋಟೊ ಎಲ್ಲಿಂದ ಎತ್ತಿ ಹಾಕಿದನೋ ಗೊತ್ತಿಲ್ಲ, ಕೇಳಿದರೆ "ಅದು ಸುಮ್ನೆ ಡಿಸೈನಿಗೆ ಹಾಕಿದ್ದು ಮೇಡಂ" ಅಂದ. ಆಮೇಲೆ ನಾವು ಅವನ ಸಹವಾಸ ಬಿಟ್ಟು ನಮ್ಮದೇ ಗಾಡಿಯಲ್ಲಿ ಹೊರಟೆವು. ಅಷ್ಟಾದರೂ ಭಾವನ ತಲೆಯಲ್ಲಿ ದೋಣಿ ಮಾತ್ರ ಹಾಗೇ ಉಳಿದಿತ್ತು.

ಬೆಲಂ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿ. ಮೊದಲು ಕರ್ನೂಲು ಜಿಲ್ಲೆಗೆ ಸೇರಿತ್ತು. ಶಿವಮೊಗ್ಗದಿಂದ ಚಿತ್ರದುರ್ಗ, ಚಳ್ಳಕೆರೆ, ಕಲ್ಯಾಣದುರ್ಗ, ಅನಂತಪುರ, ತಾಡಿಪತ್ರಿ, ಅಲ್ಲಿಂದ ಇನ್ನೊಂದು 30 ಕಿ.ಮೀ. ಒಟ್ಟು 300 ಕಿ.ಮೀ. ಮೀರಿದ ದಾರಿ. ಹೊಳಲ್ಕೆರೆ ದಾಟುತ್ತಿದ್ದ ಹಾಗೆ ಹಸಿರು ತೆಳ್ಳಗಾಗುತ್ತೆ, ಚಳ್ಳಕೆರೆ ಬಿಟ್ಟ ಮೇಲೆ ಮಲೆನಾಡಿನವರ ಕಣ್ಣಿಗೆ ನೋಡಲು ಏನೂ ಇಲ್ಲ ಅನಿಸುತ್ತೆ. ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ರೈಲಿನಲ್ಲಿ ಬರುವವರಿಗೆ ಗುಂತಕಲ್ ಕಡೆಯಿಂದ ತಾಡಿಪತ್ರಿಗೆ ರೈಲು ಇದೆ.

ತಾಡಿಪತ್ರಿ ಸುತ್ತಮುತ್ತ ರಸ್ತೆ ಪಕ್ಕ ಕಲ್ಲು ಕೊಯ್ಯುವ ಘಟಕಗಳು ಸಾಲಾಗಿ ಸಿಗುತ್ತವೆ. ಕಪ್ಪು ಚಪ್ಪಡಿಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿರುತ್ತಾರೆ. ಅಮ್ಮ ಕಿಟಕಿಯಿಂದ ನೋಡಿ "ಇದು ನಮ್ಮ ಅಡುಗೆಮನೆ ಕಟ್ಟೆ ಕಲ್ಲಲ್ವಾ?" ಅಂದರು. ಹೌದು, ಕಡಪ ಕಲ್ಲೇ. ನಮ್ಮೂರಲ್ಲಿ ಹಳೇ ಮನೆ ರಿಪೇರಿ ಮಾಡಿಸಿದವರೆಲ್ಲ ಒಲೆ ಕಟ್ಟೆಗೆ, ಅಟ್ಟದ ಶೆಲ್ಫಿಗೆ, ಬಚ್ಚಲ ಕಟ್ಟೆಗೆ ಹಾಕಿಸಿರುವ ಆ ಕಪ್ಪು ಕಲ್ಲು ಈ ಸೀಮೆಯದು, ಜಾತಿಯಲ್ಲಿ ಸುಣ್ಣದ ಕಲ್ಲು. ಬೆಲಂ ಗವಿ ಆಗಿರುವುದೂ ಇದೇ ತರದ ಕಪ್ಪು ಸುಣ್ಣದ ಕಲ್ಲಿನಲ್ಲಿ.

ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ಗವಿ ಹೇಗಾಯಿತು ಅನ್ನೋದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಕಡಪ ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿ ಒರೆಸದೆ ಬಿಟ್ಟು ನೋಡಿ. ಬೆಳಗ್ಗೆ ಅಷ್ಟು ಜಾಗ ಹೊಳಪು ಹೋಗಿ ಬಿಳಿಚಿಕೊಂಡಿರುತ್ತೆ, ಎಷ್ಟು ತಿಕ್ಕಿದರೂ ಹೋಗಲ್ಲ. ಅದು ಕಲೆ ಅಂತ ನಾವು ಅಂದುಕೊಳ್ಳುತ್ತೇವೆ, ನಿಜಕ್ಕೂ ಅಲ್ಲಿ ಕಲ್ಲೇ ಒಂಚೂರು ಕರಗಿರುತ್ತೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸಣ್ಣ ಹುಳಿ ಆಗುತ್ತೆ. ಆ ಹುಳಿ ನೀರು ಕಲ್ಲಿನ ಬಿರುಕಿಗೆ ಇಳಿದು, ಬಿರುಕು ಸಂದಾಗಿ, ಸಂದು ಸುರಂಗವಾಗಿ, ಕೊನೆಗೆ ಅದರೊಳಗೆ ಹೊಳೆಯೇ ಹರಿಯುವಷ್ಟು ಜಾಗ ಆಯಿತು. ಬೆಲಂ ಆಗಿದ್ದು ಹೀಗೆ. ಹೊಳೆ ಈಗ ಕೆಳಗಿಳಿದು ಹೋಗಿದೆ, ಅದು ಬಿಟ್ಟುಹೋದ ದಾರಿಯಲ್ಲಿ ನಾವು ಟಿಕೆಟ್ ತಗೊಂಡು ನಡೆಯುತ್ತೇವೆ.

ಗವಿ ಅಂದರೆ ಬೆಟ್ಟದ ಬುಡದಲ್ಲಿ ಬಾಯಿ ತೆರೆದು ಇರುತ್ತೆ ಅಂತ ಯಾಣ ನೋಡಿದ ನಮಗೆ ಅಭ್ಯಾಸ. ಇಲ್ಲಿ ಹಾಗಲ್ಲ. ಬಟಾಬಯಲು, ಸುತ್ತ ಹೊಲ, ಬುದ್ಧನ ದೊಡ್ಡ ವಿಗ್ರಹ ಒಂದು ದೂರದಿಂದಲೇ ಕಾಣುತ್ತೆ. ಗವಿ ಎಲ್ಲಿ ಅಂತ ಹುಡುಕಬೇಕು. ಬಾವಿಯಂಥ ಮೂರು ಗುಂಡಿಗಳಿವೆ, ನಡುವಿನದ್ದೇ ಬಾಗಿಲು. ಮೆಟ್ಟಿಲು ಇಳಿದು ತಲೆ ಎತ್ತಿದರೆ ಆಕಾಶ ಒಂದು ದುಂಡು ತುಂಡಾಗಿ ಮೇಲೆ ಉಳಿದಿರುತ್ತೆ.

ಇನ್ನು ಸೆಖೆ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ಗವಿಯೊಳಗೆ ತಂಪು ಅಂತ ಅಕ್ಕ ಶಾಲು ತಂದಿದ್ದಳು. ಒಳಗೆ ಕಾಲಿಟ್ಟು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಎಲ್ಲರ ಬೆನ್ನೂ ಒದ್ದೆ. ಗವಿಯ ಒಳಗಿನ ಬಿಸಿ ಆಯಾ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರ ಇರುತ್ತೆ. ಕೊಡಚಾದ್ರಿಯ ಚಿತ್ರಮೂಲದಲ್ಲಿ ಕೂತರೆ ತಣ್ಣಗಾಗುತ್ತೆ, ಯಾಕೆಂದರೆ ಆ ಬೆಟ್ಟವೇ ತಣ್ಣಗಿದೆ. ರಾಯಲಸೀಮೆಯ ಸರಾಸರಿ ಅಂದರೆ ನಮ್ಮ ಏಪ್ರಿಲ್ ಅಂದುಕೊಳ್ಳಿ. ಅದರ ಮೇಲೆ ಒಳಗೆಲ್ಲ ತೇವ, ಗಾಳಿ ಆಡುವುದಿಲ್ಲ. ಹೊರಗಿನ ಗಾಳಿ ಒಳಗೆ ಬರಲಿ ಅಂತ ಅಲ್ಲಲ್ಲಿ ಕೊಳವೆ ಇಳಿಸಿದ್ದಾರೆ. ಅದರ ಕೆಳಗೆ ಜನ ಗುಂಪುಗಟ್ಟಿ ನಿಂತಿರುತ್ತಾರೆ, ಜಾಗ ಸಿಕ್ಕರೆ ಬಿಡಬೇಡಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಕೈಯಲ್ಲಿ ನೀರಿನ ಬಾಟಲಿ ಇರಲಿ. ಉಸಿರಾಟದ ತೊಂದರೆ ಇರುವವರು ಮಾತ್ರ ಯೋಚನೆ ಮಾಡಿ ಇಳಿಯಿರಿ.

ಒಟ್ಟು ಗವಿ 3,229 ಮೀಟರ್ ಉದ್ದ, ಅದರಲ್ಲಿ ನಮಗೆ ಬಿಡುವುದು ಸುಮಾರು ಒಂದೂವರೆ ಕಿ.ಮೀ. 'ಭಾರತದ ಎರಡನೇ ದೊಡ್ಡ ಗವಿ' ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಹಾಗೇ ನಂಬಬೇಡಿ. ಮೇಘಾಲಯದ ಕ್ರೆಮ್ ಲಿಯಾತ್ ಪ್ರಾ ಒಂದೇ 30 ಕಿ.ಮೀ. ದಾಟುತ್ತೆ, ಅಲ್ಲಿ ಬೆಲಂಗಿಂತ ಉದ್ದದ ಗವಿಗಳು ಇನ್ನೂ ಬೇಕಾದಷ್ಟಿವೆ. ಬಯಲುಸೀಮೆಯ ಗವಿಗಳಲ್ಲಿ, ಅದೂ ಸಾಮಾನ್ಯ ಜನ ಚಪ್ಪಲಿ ಹಾಕಿಕೊಂಡು ಹೋಗಬಹುದಾದ ಗವಿಗಳಲ್ಲಿ ಇದು ದೊಡ್ಡದು ಅನ್ನಿ, ಒಪ್ಪುತ್ತೇನೆ. ಹೇಳಿಕೊಳ್ಳಲು ಅಷ್ಟು ಸಾಲದಾ?

ಗೈಡ್ ತಗೊಳ್ಳಬೇಕಾ ಅಂತ ಕೇಳಿದರೆ, ತಗೊಳ್ಳಿ, ಆದರೆ ಅವರು ಓಡಿಸಿದ ಹಾಗೆ ಓಡಬೇಡಿ. ನಮಗೆ ಸಿಕ್ಕ ಹುಡುಗ ತೆಲುಗು, ಹಿಂದಿ ಎರಡರಲ್ಲೂ ಹೇಳುತ್ತಿದ್ದ. ನಾವು ಶಿವಮೊಗ್ಗದವರು ಅಂದ ಕೂಡಲೇ ಜೋಗದ ಬಗ್ಗೆ ಕೇಳಿದ. ಒಳ್ಳೆಯವನೇ, ಆದರೆ ಅವನ ಕೆಲಸವೆಲ್ಲ ಟಾರ್ಚು ಬಿಟ್ಟು ಹೆಸರು ಹೇಳುವುದು. ಇದು ಸಿಂಹದ್ವಾರ, ಇಗೋ ಸಿಂಹದ ತಲೆ. ಇದು ಕೋಟಿಲಿಂಗಾಲು. ಇದು ಸಾವಿರ ಹೆಡೆ. ಇದು ಊಡಲಮರ್ರಿ, ಆಲದ ಬಿಳಲು ನೋಡಿ. ಎಲ್ಲರೂ "ಓ" ಅನ್ನುತ್ತಾರೆ, ಫೋಟೊ ಹೊಡೆಯುತ್ತಾರೆ, ಮುಂದೆ. ಕೋಟಿಲಿಂಗಾಲು ಮಾತ್ರ ನಿಜಕ್ಕೂ ನಿಂತು ನೋಡುವಂಥದ್ದು. ಮೇಲಿಂದ ಇಳಿದ ಕಲ್ಲು, ಕೆಳಗಿಂದ ಎದ್ದ ಕಲ್ಲು ಲೆಕ್ಕವಿಲ್ಲದಷ್ಟು ತುಂಬಿಕೊಂಡಿವೆ. ಕೆಲವು ಕಡೆ ಎರಡೂ ಕೂಡಿ ಕಂಬವೇ ಆಗಿದೆ. ನೀರಿನ ಒಂದೊಂದು ಹನಿಯೂ ಬೀಳುವ ಮೊದಲು ಒಂದು ಕಣ ಸುಣ್ಣ ಬಿಟ್ಟು ಬೀಳುತ್ತೆ. ಹಾಗೆ ಒಂದು ಸೆಂಟಿಮೀಟರ್ ಬೆಳೆಯಲು ಸುಮಾರು ನೂರು ವರ್ಷ ಬೇಕು. ಅಲ್ಲಿ ಒಬ್ಬ ಪುಣ್ಯಾತ್ಮ ಒಂದು ತುದಿ ಹಿಡಿದು ಜಗ್ಗುತ್ತಿದ್ದ, ಗಟ್ಟಿ ಇದೆಯಾ ಅಂತ ನೋಡಲಿಕ್ಕೆ!

ಸಪ್ತಸ್ವರ ಗುಹೆ ಅಂತ ಇನ್ನೊಂದು ಇದೆ, ಅಲ್ಲಿ ಇಳಿಬಿದ್ದ ಕಲ್ಲುಗಳನ್ನು ತಟ್ಟಿದರೆ ಬೇರೆ ಬೇರೆ ದನಿ ಬರುತ್ತೆ. ಚೆನ್ನಾಗೇ ಬರುತ್ತೆ, ಸುಳ್ಳು ಹೇಳಲ್ಲ. ಆದರೆ ಬಂದವರೆಲ್ಲ ತಟ್ಟುತ್ತಾ ಹೋದರೆ ಎಷ್ಟು ವರ್ಷ ಉಳಿದೀತು? ಕೈಯ ಜಿಡ್ಡು ತಾಗಿದರೇ ಸಾಕು, ಅಲ್ಲಿ ಸುಣ್ಣ ಕೂರುವುದು ನಿಲ್ಲುತ್ತೆ. ಒಂದು ಸಲ ಗೈಡ್ ಕೈಯಲ್ಲಿ ತಟ್ಟಿಸಿ ಕೇಳಿ, ನೀವು ತಟ್ಟಬೇಡಿ.

ನಾನು ಹೇಳುವುದು ಏನೆಂದರೆ, ಹೆಸರಿಟ್ಟ ಕಲ್ಲುಗಳನ್ನು ಬಿಟ್ಟು ಹೆಸರಿಲ್ಲದ ಗೋಡೆ ನೋಡಿ. ಗೈಡ್ ಸುಮ್ಮನೆ ನಡೆದುಹೋಗುವ ಓಣಿಗಳಲ್ಲೇ ನಿಜವಾದ ನೋಟ ಇದೆ. ನಾನು ಒಂದು ಕಡೆ ಹಿಂದೆ ಉಳಿದು ಮೊಬೈಲ್ ಟಾರ್ಚನ್ನು ಗೋಡೆಗೆ ಅಡ್ಡಡ್ಡ ಹಿಡಿದೆ. ನೇರ ಹಿಡಿದರೆ ಏನೂ ಕಾಣಲ್ಲ, ಅಡ್ಡ ಹಿಡಿಯಬೇಕು. ಕಲ್ಲು ಪದರ ಪದರವಾಗಿ ಕೂತಿದೆ. ಅದರ ಮೇಲೆಲ್ಲ ಅಂಗೈ ಅಗಲದ ತಗ್ಗುಗಳು, ಒಂದರ ಪಕ್ಕ ಒಂದು, ಅಂಚು ನಯ. ಒಂದು ಬದಿ ಕಡಿದಾಗಿ, ಇನ್ನೊಂದು ಬದಿ ಓರೆಯಾಗಿ. ಹರಿಯುವ ನೀರು ಸುಣ್ಣದ ಕಲ್ಲಿನ ಮೇಲೆ ಬರೆಯುವುದು ಹೀಗೇ. ಕಡಿದಾದ ಬದಿ ನೀರು ಬಂದ ಕಡೆಗಿರುತ್ತೆ. ತಗ್ಗು ಚಿಕ್ಕದಿದ್ದಷ್ಟೂ ನೀರಿನ ಸೆಳೆತ ಜೋರಾಗಿತ್ತು ಅಂತ ಅರ್ಥ. ಅಂದರೆ ನಾನು ನಿಂತ ಓಣಿಯಲ್ಲಿ ಹೊಳೆ ಯಾವ ಕಡೆಯಿಂದ ಬಂದು ಯಾವ ಕಡೆ ಹೋಯಿತು ಅಂತ ಗೋಡೆ ಮುಟ್ಟದೆ, ಯಾರನ್ನೂ ಕೇಳದೆ ತಿಳಿಯಬಹುದು. ತಲೆ ಎತ್ತಿದರೆ ಚಾವಣಿಯಲ್ಲೂ ದುಂಡು ಗುಳಿಗಳು. ಚಾವಣಿಯಲ್ಲಿ ಗುಳಿ ಇದೆ ಅಂದರೆ ನೀರು ಅಲ್ಲಿವರೆಗೂ ತುಂಬಿ ಹರಿದಿದೆ. ನಮ್ಮ ತಲೆ ಮೇಲೆ ಇನ್ನೂ ಎರಡಾಳು ನೀರು ಇದ್ದ ಜಾಗದಲ್ಲಿ ನಾವು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆವು. ಅಕ್ಕನ ಮಗನಿಗೆ ತೋರಿಸಿದೆ. ಅವನು "ಹಾಗಾದ್ರೆ ನಾವೀಗ ಹೊಳೆ ಒಳಗೆ ಇದ್ದೀವಾ ಚಿಕ್ಕಮ್ಮ?" ಅಂತ ಕೇಳಿದ. ಆಮೇಲೆ ಪ್ರತಿ ಓಣಿಯಲ್ಲೂ ಟಾರ್ಚು ಅಡ್ಡ ಹಿಡಿದು "ಈ ಕಡೆಯಿಂದ ಬಂದಿದೆ" ಅಂತ ಅವನೇ ಗೈಡ್ ಆದ.

ಈ ಗವಿಯ ಬಗ್ಗೆ ಮೊದಲು ಬರೆದಿಟ್ಟವನು ರಾಬರ್ಟ್ ಬ್ರೂಸ್ ಫೂಟ್, 1884ರಲ್ಲಿ. ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ 1863ರಲ್ಲಿ ಹಳೇ ಶಿಲಾಯುಗದ ಕೈಕೊಡಲಿ ಹುಡುಕಿದ ಭೂವಿಜ್ಞಾನಿ ಇವನೇ. ಆಮೇಲೆ ಹೆಚ್ಚುಕಡಿಮೆ ನೂರು ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1982ರಿಂದ 84ರವರೆಗೆ ಗೆಬಾವರ್ ಅನ್ನೋ ಜರ್ಮನ್ ಗವಿತಜ್ಞ ತಂಡ ಕಟ್ಟಿಕೊಂಡು ಬಂದು ಒಳಗೆಲ್ಲ ಅಳೆದು ನಕ್ಷೆ ಮಾಡಿದ. ನಡುವೆ ಸುತ್ತಲಿನ ಜನ ಇಲ್ಲಿ ಕಸ ಸುರಿಯುತ್ತಿದ್ದರಂತೆ. ಸಾಮಾನ್ಯ ಜನರಿಗೆ ತೆರೆದಿದ್ದು 2002ರಲ್ಲಿ. ಈಗ ನಡೆಯುವ ದಾರಿ, ಮೆಟ್ಟಿಲು, ದೀಪ ಎಲ್ಲಾ ಇದೆ. ದೀಪ ಮಾತ್ರ ಕೆಲವು ಕಡೆ ಜಾಸ್ತಿ ಆಯಿತು ಅನ್ನೋದು ನನ್ನ ಅಭಿಪ್ರಾಯ. ಕಪ್ಪು ಕಲ್ಲಿನ ಚೆಂದ ಹಳದಿ ಬೆಳಕಿನಲ್ಲಿ ಅರ್ಧ ಕಳೆದುಹೋಗುತ್ತೆ.

ಈಗ ಪಾತಾಳಗಂಗೆ. ಗವಿಯಲ್ಲಿ ಎಲ್ಲಕ್ಕಿಂತ ಆಳದ ಜಾಗ ಇದು. ಅಮ್ಮ ಮೊದಲೇ "ನನ್ನ ಮಂಡಿಗೆ ಇದು ಆಗಲ್ಲ, ನೀವು ಹೋಗಿಬನ್ನಿ" ಅಂತ ಹಿಂದೆಯೇ ಉಳಿದರು. ಅದೇ ಸರಿ, ಇಲ್ಲಿ ಮೆಟ್ಟಿಲು ಕಡಿದು, ಜಾಗ ಇಕ್ಕಟ್ಟು, ಇಳಿಯುವವರು ಹತ್ತುವವರಿಗೆ ಗೋಡೆಗೆ ಅಂಟಿ ದಾರಿ ಬಿಡಬೇಕು. ಕೆಳಗೆ ಹೋಗಿ ನೋಡಿದರೆ ಒಂದು ಸಣ್ಣ ತೊರೆ. ಕಲ್ಲಿನ ಒಂದು ಸಂದಿನಿಂದ ಬರುತ್ತೆ, ಸ್ವಲ್ಪ ದೂರ ಕಾಣುತ್ತೆ, ಇನ್ನೊಂದು ಸಂದಿನಲ್ಲಿ ಇಳಿದು ಮಾಯ. ಅಷ್ಟೇ. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಎಂತದು ಮಾರಾಯ್ತಿ ಇದು, ಇದಕ್ಕಿಂತ ನಮ್ಮ ತೋಟದ ಬಸಿಗಾಲುವೆಯಲ್ಲಿ ಜಾಸ್ತಿ ನೀರು ಹೋಗುತ್ತೆ" ಅಂದರು. ಹಿಂದೆ ನಿಂತಿದ್ದ ಬಳ್ಳಾರಿ ಕಡೆಯವರಿಗೆ ಕನ್ನಡ ಅರ್ಥವಾಗಿ ಜೋರಾಗಿ ನಕ್ಕರು.

ಭಾವ ಹೇಳಿದ್ದು ಸುಳ್ಳಲ್ಲ. ತುಂಗೆ, ಭದ್ರೆ, ಶರಾವತಿ, ವರದೆ ಅಂತ ಯಾವ ದಿಕ್ಕಿಗೆ ತಿರುಗಿದರೂ ಹೊಳೆ ಸಿಗುವ ಸೀಮೆಯವರಿಗೆ ಇದು ನೀರೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಇಲ್ಲಿ ಪಕ್ಕದ ಅನಂತಪುರದಲ್ಲಿ 600 ಕೂಡ ಕಷ್ಟ. ಆದರೆ ಈ ಲೆಕ್ಕವನ್ನೇ ತಿರುಗಿಸಿ ನೋಡಿ. ಮೇಲೆ ಹೊಲದಲ್ಲಿ ಮಣ್ಣು ಬಿರಿದಿರುವ ಕಾಲದಲ್ಲೂ ಈ ತೊರೆ ಹರಿಯುತ್ತಲೇ ಇರುತ್ತೆ. ಆಗ್ನೇಯದಿಂದ ವಾಯವ್ಯಕ್ಕೆ ಹೋಗುತ್ತೆ, ಸುಮಾರು ಎರಡು ಕಿ.ಮೀ. ದೂರದ ಬೆಲಂ ಊರಿನ ಬಾವಿಗೆ ಇದೇ ನೀರು ಅಂತ ಅಲ್ಲಿಯವರ ನಂಬಿಕೆ. ನಾವು ಮೇಲೆ ನೋಡಿದ ಅಷ್ಟೂ ಓಣಿ, ಅಷ್ಟೂ ಕೋಣೆ ಕೊರೆದದ್ದು ನೆಲದಡಿ ಹರಿದ ಇಂಥದ್ದೇ ನೀರು. ನೀರು ಹರಿಯುವ ಮಟ್ಟ ಕೆಳಗಿಳಿಯುತ್ತಾ ಬಂದ ಹಾಗೆ ಮೇಲಿನ ಅಂತಸ್ತು ಒಣಗಿ ನಮಗೆ ನಡೆಯಲು ಸಿಕ್ಕಿದೆ. ಹಾಗಾಗಿ ನದಿ ನೋಡಬೇಕು ಅಂತ ಬಂದವರು ಕೊನೆಯ ಮೆಟ್ಟಿಲಿನಲ್ಲಿ ಅದನ್ನು ಹುಡುಕುವುದಕ್ಕಿಂತ ಮೊದಲ ಓಣಿಯಿಂದಲೇ ಹುಡುಕಬೇಕಿತ್ತು. ಭಾವನಿಗೆ ಇದನ್ನು ಹೇಳಿದೆ. "ಅದೆಲ್ಲ ಸರಿ, ದೋಣಿ ಇಲ್ವಲ್ಲ" ಅಂದರು.

ನಮ್ಮ ಮಲೆನಾಡಿನಲ್ಲಿ ಇಷ್ಟು ನೀರಿದ್ದೂ ಇಂಥ ಗವಿ ಯಾಕಿಲ್ಲ ಅಂತ ದಾರಿಯಲ್ಲಿ ಚರ್ಚೆ ಆಯಿತು. ನೀರೊಂದೇ ಸಾಲದು, ಕರಗುವ ಕಲ್ಲೂ ಬೇಕು. ನಮ್ಮಲ್ಲಿ ಬಹಳ ಕಡೆ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ, ಅದರ ಮೇಲೆ ಜಂಬಿಟ್ಟಿಗೆ. ಮಳೆನೀರಿನ ಆ ಸಣ್ಣ ಹುಳಿಗೆ ಈ ಬಂಡೆ ಬಗ್ಗುವುದಿಲ್ಲ, ನೀರು ಮೇಲೇ ಹರಿದು ಜೋಗದಲ್ಲಿ 253 ಮೀಟರ್ ಧುಮುಕುತ್ತೆ. ಸುಣ್ಣದ ಕಲ್ಲು ಎದ್ದು ನಿಂತಿರುವ ಜಾಗ ನಮಗೆ ಹತ್ತಿರದಲ್ಲಿ ಯಾಣ. ಅಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಸಂದಿನಲ್ಲಿ ನಡೆದವರಿಗೆ, ಲಿಂಗದ ಮೇಲೆ ನೀರು ತೊಟ್ಟಿಕ್ಕುವುದನ್ನು ನೋಡಿದವರಿಗೆ ಬೆಲಂ ಬೇಗ ಅರ್ಥವಾಗುತ್ತೆ. ಯಾಣದಲ್ಲಿ ಕಲ್ಲು ಮೇಲೆ ನಿಂತಿದೆ, ಇಲ್ಲಿ ಒಳಗೆ ಟೊಳ್ಳಾಗಿದೆ. ಎರಡರಲ್ಲಿ ಒಂದನ್ನೇ ನೋಡುವುದು ಅಂತಾದರೆ? ಮಳೆ ಬಿಟ್ಟ ಮೇಲೆ ಯಾಣಕ್ಕೆ ಹೋಗಿ, ಖರ್ಚೂ ಕಮ್ಮಿ. ಯಾಣ ನೋಡಿ ಆಗಿದ್ದವರು ಬೆಲಂ ಬಿಡಬೇಡಿ.

ಹೋಗುವ ಕಾಲ ನವೆಂಬರಿನಿಂದ ಫೆಬ್ರುವರಿ. ಬೇಸಿಗೆಯಲ್ಲಿ ಗವಿಯೊಳಗಿನದು ತಡೆದುಕೊಂಡರೂ ಹೊರಗಿನ ಬಿಸಿಲು ತಡೆಯಲು ಆಗಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಜನ ಕಮ್ಮಿ, ಓಣಿಗಳಲ್ಲಿ ನಿಮ್ಮ ಪಾಡಿಗೆ ನೀವು ನಿಲ್ಲಬಹುದು. ಶಾಲೆ ಟ್ರಿಪ್ ಬಸ್ಸುಗಳು ಬಂದ ಮೇಲೆ ಆ ಆಸೆ ಬಿಡಿ, ಮಕ್ಕಳ ಕೂಗು ಗವಿಯಲ್ಲಿ ಹತ್ತು ಪಟ್ಟಾಗುತ್ತೆ. ಕಾಲಿಗೆ ಜಾರದ ಚಪ್ಪಲಿ ಇರಲಿ, ತೇವದ ಮಣ್ಣು ಕೆಲವು ಕಡೆ ಜಾರುತ್ತೆ. ಎರಡು ಮೂರು ಕಡೆ ತಲೆ ಬಗ್ಗಿಸಿ ಹೋಗಬೇಕು, ಎತ್ತರದವರು ಹುಷಾರು. ವಯಸ್ಸಾದವರು ಪಾತಾಳಗಂಗೆ ಬಿಟ್ಟು ಉಳಿದದ್ದನ್ನು ನಿಧಾನವಾಗಿ ನೋಡಬಹುದು. ಅಮ್ಮ ನೋಡಿದರು, ಮತ್ತೆ ನಮ್ಮೆಲ್ಲರಿಗಿಂತ ಖುಷಿಯಾಗಿದ್ದವರೂ ಅವರೇ.

ಅಷ್ಟು ದೂರ ಹೋದವರು ತಾಡಿಪತ್ರಿಯ ಬುಗ್ಗ ರಾಮಲಿಂಗೇಶ್ವರ ದೇವಸ್ಥಾನ ನೋಡದೆ ಬರಬೇಡಿ. ವಿಜಯನಗರ ಕಾಲದ್ದು, ಪೆನ್ನಾ ನದಿ ದಡದಲ್ಲಿದೆ. ಗೋಪುರ ಪೂರ್ತಿ ಆಗಿಲ್ಲ, ಆಗಿರುವಷ್ಟರಲ್ಲೇ ಕೆತ್ತನೆ ನೋಡಿ ಕಣ್ಣು ಸೋಲುತ್ತೆ. ಲಿಂಗದ ಬುಡದಲ್ಲಿ ಸದಾ ನೀರು ಉಕ್ಕುತ್ತಿರುತ್ತೆ, ಬುಗ್ಗೆ. ಹೊರಗೆ ಪೆನ್ನಾ ಬಹಳ ದಿನ ಬರೀ ಮರಳು. ಪೆನ್ನಾ ಅಂದರೆ ನಮ್ಮ ನಂದಿಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೇ. ಇನ್ನೊಂದು ದಿನ ಇದ್ದರೆ ಗಂಡಿಕೋಟಕ್ಕೆ ಹೋಗಿ, ಅದೇ ಪೆನ್ನಾ ಅಲ್ಲಿ ಕೊರಕಲು ಮಾಡಿಕೊಂಡು ಹರಿಯುತ್ತೆ. ಯಾಗಂಟಿ ದೇವಸ್ಥಾನವೂ ಹತ್ತಿರ. ನಾವು ಗಂಡಿಕೋಟ ಮಾತ್ರ ನೋಡಿದೆವು.

ಊಟದ ವಿಷಯಕ್ಕೆ ಬಂದರೆ, ಗವಿ ಹತ್ತಿರ ದೊಡ್ಡ ಆಸೆ ಬೇಡ, ತಾಡಿಪತ್ರಿ ಅಥವಾ ಅನಂತಪುರದಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ. ಬೆಳಗ್ಗೆ ಸಣ್ಣ ಹೋಟೆಲುಗಳಲ್ಲಿ ಉಗ್ಗಾನಿ ಬಜ್ಜಿ ಸಿಗುತ್ತೆ. ನಮ್ಮ ಒಗ್ಗರಣೆ ಮಂಡಕ್ಕಿಯೇ, ನೆನೆಸಿ ಹಿಂಡಿ ಮಾಡುತ್ತಾರೆ, ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ. ಬಹಳ ರುಚಿ. ಮಲೆನಾಡಿನ ನಾಲಿಗೆಗೆ ಆ ಬಜ್ಜಿಯ ಖಾರ ನೆತ್ತಿಗೇರುತ್ತೆ, ತಿನ್ನಲು ಕೂರುವ ಮೊದಲೇ ಒಂದು ಲೋಟ ಮಜ್ಜಿಗೆ ಹೇಳಿಡಿ.